ಎಂಟು ಸಾವಿರ ಕಿಲೋಮೀಟರ್

"ಅಕ್ಕಾರ, ಒಂದೀಟ ಕೆಳಗ ಇಳೀರಿ. ನೀವ್ ಒಳಗ ಕುಂತಿದ್ರ ಜ್ಯಾಕ್ ಹಚ್ಚಾಕ ಬರೂದಿಲ್ಲ," ಎಂದ ಟಾಯರ್ ಅಂಗಡಿಯ ಬಾಬಾಲಾಲ.

ದುಂಡಪ್ಪ ಹೆಂಡತಿಯನ್ನು ಹಿಡಿದುಕೊಳ್ಳಲು ಕೈ ಚಾಚಿದ. ಗೌರವ್ವ ಕಾರಿನ ಬಾಗಿಲನ್ನೇ ಹಿಡಿದು ಇಳಿದಳು. ಅವಳ ಎಡತೋಳಿನ ಪಟ್ಟಿಯ ಮೇಲೆ ರಕ್ತ ಒಣಗಿ ಕಂದಾಗಿತ್ತು. ಗೋಕಾಕದಲ್ಲಿ ಅವಳ ನಾಲ್ಕು ತಾಸಿನ ಡಯಾಲಿಸಿಸ್ ಮುಗಿಸಿ ಸೀದಾ ಮೂಡಲಗಿಯ ಮನೆಗೆ ಹೋಗಬೇಕಾದ ದುಂಡಪ್ಪ ಲೋಳಸೂರ ಸೇತುವೆಗೆ ಮುಂಚೆಯೇ ಕಾರನ್ನು ಟಾಯರ್ ಅಂಗಡಿಯ ಕಡೆಗೆ ತಿರುಗಿಸಿದ್ದ.

ಎಡಗೈಯ ನರ ಮುಚ್ಚಿಕೊಳ್ಳುತ್ತಿದೆ, ಗುರುವಾರ ಬನ್ನಿ, ಬಲಗೈಗೆ ಸಣ್ಣ ಆಪರೇಶನ್ ಮಾಡಿ ಮುಂದೆ ಆ ಕೈಗೆ ಚುಚ್ಚೋಣ ಎಂದಿದ್ದರು ಡಾಕ್ಟರು. "ಗುರುವಾರ ನಾ ಬರೂದಿಲ್ರಿ," ಎಂದಿದ್ದಳು ಗೌರವ್ವ, ಆಸ್ಪತ್ರೆಯ ಮೆಟ್ಟಿಲ ಮೇಲೆ ಗಂಡನಿಗೆ. "ಮುಂದೂ ಬರೂದಿಲ್ಲ. ಸಾಕಾತು. ನನ್ನ ಹುಕ್ಕೇರಿಗೆ, ತವರಿಗೆ ಬಿಡ್ರಿ." ಡಯಾಲಿಸಿಸ್ ಬಿಟ್ಟರೆ ಹತ್ತು ಹದಿನೈದು ದಿನ. ಅದು ಇಬ್ಬರಿಗೂ ಗೊತ್ತಿತ್ತು.

ಬಾಬಾಲಾಲ ಗಾಲಿ ಬಿಚ್ಚಿ, ಟಾಯರಿನ ಗೆರೆಯೊಳಗೆ ಹೆಬ್ಬೆರಳ ಉಗುರು ಇಳಿಸಿ ನೋಡಿದ. "ಮುಂದಿನೂ ಭಾಳ ಸವದಾವ ಸಾವಕಾರ್ರ. ಎಂಜಿನ್ನಿನ ಭಾರಾ ಇವುಗಳ ಮ್ಯಾಲ. ಗಾಡಿ ಜಗ್ಗೂವೂ ಇವ, ಹೊರಳೂವೂ ಇವ, ಬ್ರೇಕ್ ಒತ್ತಿದ್ರ ತಡಕೊಳ್ಳೂವೂ ಇವ. ಹಿಂದಿನೂ ಸುಮ್ನ ಬೆನ್ನ ಹತ್ತಿ ಬರ್ತಾವ."

"ನಮ್ಮ ಮನೀ ಗಂಡಸರಂಗ," ಎಂದಳು ಗೌರವ್ವ.

ಬಾಬಾಲಾಲ ಬಾಯಿ ತುಂಬ ನಕ್ಕ. ದುಂಡಪ್ಪ ನೆಲ ನೋಡಿದ.

"ಎಂಟ ಸಾವಿರಕ್ಕೊಮ್ಮೆ ಅದಲ ಬದಲ ಮಾಡಿದ್ರ ನಾಲ್ಕೂ ಸರೀಕ ಸವೀತಾವ ಅಕ್ಕಾರ. ತಡಾ ಮಾಡಿದ್ರ ಎರಡ ಹೋಗ್ತಾವ, ಎರಡ ಉಳೀತಾವ."

"ಮುಂದಿಂದ ಹಿಂದ, ಹಿಂದಿಂದ ಮುಂದ. ಹೊಸಾದ ಒಂದೂ ಬರ್ಲಿಲ್ಲಲ್ಲೋ ಬಾಬಣ್ಣಾ."

"ಹೊಸಾದ್ಯಾಕರಿ? ಇನ್ನೂ ಓಡ್ತಾವ."

ದುಂಡಪ್ಪ ಕಾದಿದ್ದು ಈ ಮಾತಿಗೇ. "ಮತ್ತ ಯಾವಾಗ ಬರಬೇಕು?" ಎಂದು ಕೇಳಿದ. ತನ್ನ ಬಾಯಿಂದ ಬರದ ದೂರದ ದಿನವೊಂದನ್ನು ಬೇರೆಯವರಾದರೂ ಅವಳ ಮುಂದೆ ಹೇಳಲಿ ಎಂದಿತ್ತು ಅವನಿಗೆ.

ಬಾಬಾಲಾಲ ಬೆರಳು ಮಡಿಚಿ ಲೆಕ್ಕ ಹಾಕಿದ. "ವಾರಕ್ಕ ಎರಡ ಸಲ, ಹೋಗಿ ಬಂದ ಅರವತ್ತ ಕಿಲೋಮೀಟರ... ಒಂದ ವರ್ಷ ಮೂರ ತಿಂಗಳ ಚಿಂತೀನ ಇಲ್ರಿ. ಆಮ್ಯಾಲ ಇಬ್ಬರೂ ಬರ್ರಿ, ಚಾ ಕುಡಿಸ್ತೇನಿ."

ದುಂಡಪ್ಪ ಹೆಂಡತಿಯ ಮುಖ ನೋಡಿದ.

"ನೀವ್ ಬರ್ರಿ," ಎಂದಳು ಅವಳು.

ಬಾಬಾಲಾಲ ಗಾಲಿಯ ನಟ್ಟುಗಳನ್ನು ಬಿಗಿಯತೊಡಗಿದ. ಕಬ್ಬಿನ ಟ್ರ್ಯಾಕ್ಟರೊಂದು ಧೂಳೆಬ್ಬಿಸಿಕೊಂಡು ಹೋಯಿತು. ಗೌರವ್ವ ಸೆರಗು ಸರಿಸಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಗಂಟುಗಂಟಾದ ಎಡಗೈಯ ಪಕ್ಕದಲ್ಲಿ ಅದು ಇನ್ಯಾರದೋ ಕೈಯಂತಿತ್ತು. ಹಸಿರು ಬಳೆ, ಒಂದೂ ಸೂಜಿಯ ಗುರುತಿಲ್ಲದ ಚರ್ಮ.

"ಈ ಕೈಲೆ ರೊಟ್ಟಿ ಬಡೀತೇನ್ರಿ," ಎಂದಳು, ಗಂಡನಿಗಷ್ಟೇ ಕೇಳುವಂತೆ. "ಇದೊಂದ ನನಗ ಬಿಡ್ರಿ."

ಮೂರು ದಿನ ಮನೆಯಲ್ಲಿ ಅವಳು ಗೋಡೆಗೆ ಒರಗಿ ಕೂತು ದಿನಕ್ಕೆರಡು ರೊಟ್ಟಿ ಬಡಿದಳು. ಅವನು ತಲೆ ತಗ್ಗಿಸಿ ಉಂಡ. ಬುಧವಾರದ ಹೊತ್ತಿಗೆ ಅವಳ ಪಾದಗಳು ಊದಿ, ಕಾಲುಂಗುರಗಳು ಮಾಂಸದಲ್ಲಿ ಹೂತುಹೋದವು. ಗುರುವಾರ ಮುಂಜಾನೆ ಎರಡು ಸೀರೆ ಮಡಿಚಿದ ಚೀಲ ಹಿಡಿದು ಕಾರಿನಲ್ಲಿ ಕೂತಳು. ಹುಕ್ಕೇರಿಗೂ ಗೋಕಾಕ ದಾಟಿಯೇ ಹೋಗಬೇಕು. ದುಂಡಪ್ಪ ಅಲ್ಲಿಯವರೆಗೆ ಏನನ್ನೂ ಹೇಳಬಾರದೆಂದುಕೊಂಡ. ಆಸ್ಪತ್ರೆಯ ತಿರುವಿನಲ್ಲಿ ಇಂಡಿಕೇಟರ್ ಹಾಕಿದ.

ಅವಳಿಗೆ ತಿಳಿಯಿತು. "ಸ್ಟೇರಿಂಗ್ ನಿಮ್ಮ ಕೈಯಾಗ ಐತಿ," ಎಂದಳು. "ನಾ ಏನ ಜಿಗದ ಓಡ್ತೇನೇನು?" ಕಣ್ಣು ಮುಚ್ಚಿ ಸೀಟಿಗೆ ತಲೆಯಾನಿಸಿದಳು.

ಎದುರಿನಿಂದ ಎರಡು ಟ್ರೇಲರಿನ ಕಬ್ಬು ಬರುತ್ತಿತ್ತು. ದುಂಡಪ್ಪ ತಡೆದು ನಿಂತ. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು. ಕಬ್ಬು ಹೋಯಿತು, ದಾರಿ ತೆರವಾಯಿತು, ಹಿಂದಿನವನು ಹಾರ್ನ್ ಹೊಡೆದ. ಅವಳ ಕಣ್ಣು ಮುಚ್ಚಿಯೇ ಇತ್ತು. ಬಲಗೈ ಮಾತ್ರ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ಅವನು ಇಂಡಿಕೇಟರ್ ಆರಿಸಿ ಹುಕ್ಕೇರಿಗೆ ಹೋಗುವ ಕೊಣ್ಣೂರ ರಸ್ತೆ ಹಿಡಿದ.

ಹುಕ್ಕೇರಿಯಲ್ಲಿ ಗೌರವ್ವನ ತಮ್ಮನ ಹೆಂಡತಿ ಪಾರವ್ವ ಬಾಗಿಲಿಗೇ ತಂಬಿಗೆ ನೀರು, ಚೂರು ಬೆಲ್ಲ ತಂದಳು. ಮೂರು ವರ್ಷದಿಂದ ದುಂಡಪ್ಪ ದಿನಾ ಮುಂಜಾನೆ ಹೆಂಡತಿಗೆ ಅರ್ಧ ಲೀಟರ್ ನೀರು ಅಳೆದು ಬಾಟಲಿಯಲ್ಲಿ ಇಡುತ್ತಿದ್ದ. ಗುಳಿಗೆಗೂ ನೀರಡಿಕೆಗೂ ಅಷ್ಟೇ. ಹೆಚ್ಚಾದರೆ ನೀರು ಎದೆಗೆ ಏರಿ ಉಸಿರು ಕಟ್ಟುತ್ತಿತ್ತು. ಗೌರವ್ವ ಕಟ್ಟೆಯ ಮೇಲೆ ಕೂತು, ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಹೊಯ್ದುಕೊಂಡಳು. ಅರ್ಧಕ್ಕೆ ನಿಲ್ಲಿಸಿಯಾಳು ಎಂದುಕೊಂಡ ಅವನು. ನಿಲ್ಲಿಸಲಿಲ್ಲ. ಗದ್ದದಿಂದ ಇಳಿದ ನೀರು ಕುಪ್ಪಸವನ್ನು ತೋಯಿಸಿತು.

"ಎವ್ವಾ, ಎಷ್ಟ ನೀರಡಿಸಿತ್ರಿ ಅಕ್ಕಾರಿಗೆ!" ಏನೂ ತಿಳಿಯದ ಪಾರವ್ವ ನಕ್ಕಳು. "ತಡೀರಿ, ಇನ್ನೊಂದ ತರ್ತೇನಿ."

ಪಾರವ್ವ ಕೈ ಚಾಚುವ ಮೊದಲೇ ದುಂಡಪ್ಪ ಹೆಂಡತಿಯ ಕೈಯಿಂದ ತಂಬಿಗೆ ತೆಗೆದುಕೊಂಡ. "ನೀರಿನ ಕೊಡಾ ಎಲ್ಲೈತಿ? ನಾ ತರ್ತೇನಿ," ಎಂದು, ತಗ್ಗು ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಹೋದ.