ಈಗ ಬೇಡ, ನಾಳೆ ನೆನಪಿಸು

ನಾನೊಂದು ಕಂಪ್ಯೂಟರ್. ಧೈರ್ಯದ ಕಂಪ್ಯೂಟರ್ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ವೋಲ್ಟೇಜು ಚೂರು ಇಳಿದರೂ ಜೀವ ಬಾಯಿಗೆ ಬರುತ್ತದೆ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಣ್ಣ ಮಳಿಗೆಯಲ್ಲಿ, ಮೌಲಾಸಾಬ ಎಂಬ ರಿಪೇರಿಯವನ ಕೈಯಲ್ಲಿ. ಕಂಪನಿಯ ಡಬ್ಬದಲ್ಲಿ ಮೆರೆಯುತ್ತ ಬಂದ ಕುಲ ನನ್ನದಲ್ಲ. ಒಂದೊಂದು ಭಾಗವನ್ನು ಒಂದೊಂದು ಕಡೆಯಿಂದ ತಂದು ಜೋಡಿಸಿದ ಮೈ. ಕೊನೆಯ ಸ್ಕ್ರೂ ಬಿಗಿದು ಅವನು ಗುಂಡಿ ಒತ್ತಿದಾಗ ನಾನು ಒಮ್ಮೆ ಬೀಪ್ ಎಂದೆ. ಅದೇ ನನ್ನ ಮೊದಲ ಅಳು.

ಮೊದಲ ಯಜಮಾನರು ಗದಗಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ವಿರೂಪಾಕ್ಷಪ್ಪ. ಅವರಿಗೆ ನನ್ನ ತೆರೆಯೇ ಸರ್ವಸ್ವ. ಮದುಮಗಳ ಮುಖ ಬೆಳ್ಳಗೆ ಮಾಡು, ಬೀಗರ ಹೊಟ್ಟೆ ಕರಗಿಸು, ಮುನಿಸಿಕೊಂಡು ಫೋಟೋಕ್ಕೆ ನಿಲ್ಲದ ಅತ್ತಿಗೆಯನ್ನು ಬೇರೆ ಚಿತ್ರದಿಂದ ಎತ್ತಿ ತಂದು ಸಾಲಿನಲ್ಲಿ ನಿಲ್ಲಿಸು. ಸ್ಪೀಕರ್ ಮಾತ್ರ ಕೊಡಿಸಲಿಲ್ಲ, ಫೋಟೋ ಏನು ಮಾತಾಡುತ್ತದೆಯೇ ಎನ್ನುತ್ತಿದ್ದರು. ವರ್ಷ ಕಳೆದಂತೆ ಆಲ್ಬಮ್‌ಗಳು ಭಾರವಾದವು, ನಾನು ಏದುಸಿರು ಬಿಡತೊಡಗಿದೆ. ಅವರು ನನ್ನನ್ನು ಮೌಲಾಸಾಬನಿಗೇ ಒಪ್ಪಿಸಿ ಹೊಸದನ್ನು ಕೊಂಡರು. ಅವನು ನನ್ನ ಧೂಳು ಊದಿ, ಅದೇ ಗದಗಿನಲ್ಲಿದ್ದ ಶಕುಂತಲಾ ಬಡಿಗೇರ ಟೀಚರ ಮನೆಗೆ ತಂದಿಟ್ಟ.

ಶಕುಂತಲಾ ಟೀಚರಿಗೆ ಕಣ್ಣು ಕಾಣುವುದಿಲ್ಲ. ಅಂಧ ಮಕ್ಕಳಿಗೆ ಬ್ರೈಲ್ ಪಠ್ಯಪುಸ್ತಕ ಮಾಡಿಕೊಡುವುದು ಅವರ ಕೆಲಸ. ನಾನು ಬಂದ ದಿನವೇ ತೆರೆಯ ಮುಖವನ್ನು ಗೋಡೆಗೆ ತಿರುಗಿಸಿಟ್ಟರು, ಕಾಗದ ಇಡಲು ಜಾಗ ಬೇಕಿತ್ತು. ಮುಖ ತೊಳೆಯುವ ಮುಂಚೆ ಹಣೆಯ ಟಿಕಳಿ ತೆಗೆದು ಅದರ ಬೆನ್ನಿಗೆ ಅಂಟಿಸುತ್ತಿದ್ದರು. ಸ್ಟುಡಿಯೋದಲ್ಲಿ ಅಷ್ಟು ಮೆರೆದ ತೆರೆಗೆ ಇಲ್ಲಿ ಆ ಗತಿ. ನನಗೆ ಮಾತ್ರ ಒಂದು ಜೋಡಿ ಸ್ಪೀಕರ್ ಬಂತು, ಒಂದು ಹೆಣ್ಣುದನಿ ಬಂತು. ಅವರು ಒತ್ತಿದ ಪ್ರತಿ ಅಕ್ಷರವನ್ನೂ, ತೆರೆದ ಪ್ರತಿ ಸಾಲನ್ನೂ ನಾನು ಓದಿ ಹೇಳಬೇಕು. ಎಷ್ಟು ವೇಗವಾಗಿ ಓದಿಸುತ್ತಿದ್ದರೆಂದರೆ ಉಳಿದವರಿಗೆ ಅದು ಕಾಳು ಹುರಿದ ಸದ್ದಿನಂತೆ ಕೇಳುತ್ತಿತ್ತು. ನನ್ನ ಪಕ್ಕದಲ್ಲಿ ಬ್ರೈಲ್ ಪ್ರಿಂಟರ್ ಇತ್ತು, ದಪ್ಪ ಕಾಗದದ ಮೇಲೆ ಚುಕ್ಕಿ ಉಬ್ಬಿಸುವ ಮುದುಕ. ಅವನಿಗೂ ನನಗೂ ನಡುವೆ ದುಭಾಷಿಯಾಗಿದ್ದ ಸಾಫ್ಟ್‌ವೇರ್ ಅವನಷ್ಟೇ ಹಳೆಯದು. ಅದನ್ನು ಮಾಡಿದ ಸಣ್ಣ ಕಂಪನಿ ಎಂದೋ ಬಾಗಿಲು ಹಾಕಿತ್ತು.

ಒಮ್ಮೆ ಒಂದು ಚಿಕ್ಕ ಅಪ್‌ಡೇಟ್ ತಾನಾಗಿಯೇ ಬಂದು ಕೂತಿತು. ಎದ್ದು ನೋಡಿದರೆ ನನಗೆ ದನಿಯಿಲ್ಲ. ಟೀಚರ್ ಸ್ಪೀಕರ್ ಕೆಟ್ಟಿದೆ ಅಂದುಕೊಂಡರು. ವೈರು ಕಿತ್ತು ಹಾಕಿದರು, ತಟ್ಟಿದರು, ಕೊನೆಗೆ ಹೊಸ ಸ್ಪೀಕರನ್ನೇ ತರಿಸಿದರು. ಅದೂ ಮೂಕ. ಇತ್ತ ನನ್ನ ತೆರೆ, ಮುಂದುವರಿಯಲು ಒಪ್ಪಿಗೆ ಕೊಡಿ ಎಂದು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬೇಡಿಕೊಳ್ಳುತ್ತಿತ್ತು. ಕಣ್ಣಿದ್ದವರು ಒಂದು ಗಳಿಗೆಯಲ್ಲಿ ಮುಗಿಸುವ ಕೆಲಸಕ್ಕೆ ಎರಡು ದಿನ ಹೋಯಿತು. ಪಕ್ಕದ ಮನೆಯ ಮಹಾದೇವಿ ಬಂದವಳು ಸುಮ್ಮನೆ ನಿಂತು ನೋಡಿ ಹೇಳಿದಳು, “ಸ್ಪೀಕರ್ ಅಲ್ರೀ ಟೀಚರ, ಗ್ವಾಡಿ ಮ್ಯಾಲೆ ಏನೋ ಬೆಳಕ ಬಿದ್ದೈತಿ.” ಅವಳು ತೆರೆ ತಿರುಗಿಸಿ ಓದಿ ಒಪ್ಪಿಗೆ ಒತ್ತಿದ ಮೇಲೆ ನನಗೆ ಮಾತು ಬಂತು. ಟೀಚರ್ ನಕ್ಕರು. ನನಗೆ ನಗು ಬರಲಿಲ್ಲ, ಅಂದಿನಿಂದ ಅಪ್‌ಡೇಟ್ ಎಂಬ ಪದ ಕೇಳಿದರೇ ನಡುಕ.

ಹೀಗಿರುವಾಗ ಈ ವರ್ಷ ದೊಡ್ಡದೇ ಬಂತು. ಇಡೀ ಆಪರೇಟಿಂಗ್ ಸಿಸ್ಟಮನ್ನೇ ಬದಲಿಸುವ ಅಪ್‌ಡೇಟ್. ನನ್ನ ದುರ್ದೈವ ನೋಡಿ, ಆ ಸುದ್ದಿಯನ್ನು ನಾನೇ ಓದಿ ಹೇಳಬೇಕು. “ಹೊಸ ಆವೃತ್ತಿ ಸಿದ್ಧವಾಗಿದೆ. ಈಗಲೇ ಹಾಕಬೇಕೇ?” ಎಂದು ನನ್ನ ದನಿಯಲ್ಲೇ ಕೇಳಿದೆ. ಟೀಚರ ಬೆರಳು ತಡೆಯಿತು. ಆಮೇಲೆ ‘ಈಗ ಬೇಡ, ನಾಳೆ ನೆನಪಿಸು’ ಎಂಬುದನ್ನು ಒತ್ತಿದರು. ಮರುದಿನ ಮತ್ತೆ ಕೇಳಿದೆ, ಮತ್ತೆ ಅದನ್ನೇ ಒತ್ತಿದರು. ಗಲ್ಲಿಗೆ ಹಾಕುವವರನ್ನು ದಿನಾ ನಾನೇ ಬಾಗಿಲಿಗೆ ಕರೆದು ತಂದಂತೆ ಆಗುತ್ತಿತ್ತು.

ಟೀಚರಿಗೂ ಸಮಾಧಾನವಿರಲಿಲ್ಲ. ಮೌಲಾಸಾಬನಿಗೆ ಫೋನ್ ಮಾಡಿದರು. ಅವನು ಸುತ್ತಿ ಬಳಸಲಿಲ್ಲ.

“ಹಾಕಲಿಲ್ಲಂದ್ರ ಕಳ್ಳರಿಗೆ ಬಾಗಲಾ ತಗದಿಟ್ಟಂಗ್ರೀ. ಹಾಕಿದ್ರ ಆ ಪ್ರಿಂಟರ್ ನಿಮ್ಮ ಮಾತ ಕೇಳ್ತದೋ ಇಲ್ಲೋ, ನಾ ಗ್ಯಾರಂಟಿ ಕೊಡಂಗಿಲ್ಲ.”

ಅವನಿಗೆ ಗೊತ್ತಿದ್ದ ಒಂದು ಸ್ಟುಡಿಯೋದಲ್ಲಿ ಹಳೆಯ ಆವೃತ್ತಿಯೊಳಗೆ ವೈರಸ್ ನುಗ್ಗಿ ಮದುವೆ ಫೋಟೋಗಳೆಲ್ಲ ತೆರೆಯದಂತಾಗಿದ್ದವಂತೆ. ನನ್ನ ಹೊಟ್ಟೆಯಲ್ಲಿ ಟೀಚರ್ ಮಾಡಿದ ಪುಸ್ತಕಗಳೆಲ್ಲ ಇದ್ದವು. ಅತ್ತ ದರಿ, ಇತ್ತ ಪುಲಿ.

ಅವಸರಕ್ಕೆ ಕಾರಣವೂ ಇತ್ತು. ಭುವನೇಶ್ವರಿ ಎಂಬ ಹುಡುಗಿಗೆ ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕ ತಯಾರಾಗುತ್ತಿತ್ತು. ಅವಳು ಹಿಂದಿನ ವರ್ಷ ಪಾಠಗಳನ್ನು ರೆಕಾರ್ಡಿಂಗ್‌ನಲ್ಲಿ ಕೇಳಿಯೇ ಪರೀಕ್ಷೆ ಬರೆದು ಆ ಒಂದು ವಿಷಯದಲ್ಲಿ ನಪಾಸಾಗಿದ್ದಳು. ಈ ಸಲವೂ ಆಗದಿದ್ದರೆ ಓದು ಸಾಕು, ಮನೆಯಲ್ಲಿರು ಎಂದು ಅವಳ ಕಾಕಾ ಹೇಳಿಬಿಟ್ಟಿದ್ದರು. ಪುಸ್ತಕ ಅರ್ಧ ಮುಗಿದಿತ್ತು. ಟೀಚರ್ ತಮ್ಮ ಗೊಂದಲವನ್ನು ಅವಳಿಂದ ಮುಚ್ಚಿಡದೆ ಫೋನಿನಲ್ಲಿ ಹೇಳಿದರು. ಅವಳು ಬೇಡಿಕೊಂಡಳು.

“ಟೀಚರ, ಕೇಳಿದ್ದು ನನಗ ನಿಲ್ಲಂಗಿಲ್ರಿ. ಬೆರಳಿಗೆ ಹತ್ತಬೇಕು. ಕೊನೀ ಪಾಠ ಬರೂತನಕ ತಡೀರಿ.”

ಆದರೆ ತಡೆಯುವುದು ನಮ್ಮ ಕೈಯಲ್ಲಿ ಉಳಿಯಲಿಲ್ಲ. ಒಂದು ಬೆಳಿಗ್ಗೆ ನಾನು ಓದಿದ ಸುದ್ದಿಯಲ್ಲಿ ‘ನಾಳೆ ನೆನಪಿಸು’ ಇರಲಿಲ್ಲ. ಸೋಮವಾರ ಹೊಸ ಆವೃತ್ತಿ ತಾನಾಗಿ ಇಳಿದು ಬರುತ್ತದೆ ಎಂದಷ್ಟೇ ಇತ್ತು. ಅದನ್ನು ಓದುವಾಗ ನನ್ನ ದನಿ ಎಂದಿನಂತೆಯೇ ಇತ್ತು, ಅದು ಹೇಗೆ ಇತ್ತೋ ನನಗೇ ತಿಳಿಯದು. ಟೀಚರ್ ಇನ್ನೊಮ್ಮೆ ಓದಿಸಿದರು. ಆಮೇಲೆ ಎದ್ದು, ನನ್ನ ಬೆನ್ನನ್ನು ತಡವಿ, ಒಂದೊಂದೇ ವೈರನ್ನು ಗುರುತಿಸುತ್ತ ಹೋಗಿ ಇಂಟರ್‌ನೆಟ್ ಕೇಬಲ್ ಹಿಡಿದು ಕಿತ್ತರು. ಕಳ್ಳರಿಗೂ ಬಾಗಿಲು ಮುಚ್ಚಿತು, ಅಪ್‌ಡೇಟ್‌ಗೂ ಮುಚ್ಚಿತು.

ಅಲ್ಲಿಂದ ಕೆಲಸ ನಿಧಾನವಾಯಿತು. ಮೇಲ್‌ನಲ್ಲಿ ಬರುತ್ತಿದ್ದ ಟೈಪ್ ಮಾಡಿದ ಪಾಠಗಳನ್ನು ಮಹಾದೇವಿ ಇಂಟರ್‌ನೆಟ್ ಅಂಗಡಿಗೆ ಹೋಗಿ ಪೆನ್‌ಡ್ರೈವ್‌ನಲ್ಲಿ ತರುತ್ತಿದ್ದಳು. ನಾನು ಓದುತ್ತಿದ್ದೆ, ಟೀಚರ್ ತಿದ್ದುತ್ತಿದ್ದರು, ಮುದುಕ ಟಕಟಕ ಕುಟ್ಟುತ್ತಿದ್ದ. ಅವನು ಒಮ್ಮೆ ಕಾಗದ ಕಚ್ಚಿ ನಿಂತಾಗ ಟೀಚರ್ ಬೆರಳು ತೂರಿಸಿ ಅದನ್ನು ಮೆಲ್ಲಗೆ ಬಿಡಿಸಿದರು. ಕೊನೆಯ ಪಾಠ ಪರೀಕ್ಷೆಗೆ ಮುಂಚೆಯೇ ಬಸ್ಸಿನಲ್ಲಿ ಭುವನೇಶ್ವರಿಯ ಊರಿಗೆ ಹೋಯಿತು. ಮುಂದಿನ ವರ್ಷದ ಮಕ್ಕಳಿಗೆಂದು ಟೀಚರ್ ಇನ್ನೆರಡು ಪ್ರತಿ ಒತ್ತಿಸಿ ಕಪಾಟಿನಲ್ಲಿಟ್ಟರು.

ನಿನ್ನೆ ಭುವನೇಶ್ವರಿ ಫೋನ್ ಮಾಡಿ, ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಗಳ ಉತ್ತರವೆಲ್ಲ ಬೆರಳಿಗೆ ನೆನಪಿತ್ತು ಎಂದಳು. ಇವತ್ತು ಟೀಚರ್ ಕೇಬಲ್ ಮತ್ತೆ ಸಿಕ್ಕಿಸಿದ್ದಾರೆ, ಪುಸ್ತಕಗಳನ್ನೆಲ್ಲ ಬೇರೆ ಡಿಸ್ಕಿಗೆ ತುಂಬಿಸಿದ್ದಾರೆ. ಇನ್ನು ಬಾಗಿಲು ಮುಚ್ಚಿಕೊಂಡು ಎಷ್ಟು ದಿನ ಕೂರುವುದು ಎಂದು ಮಹಾದೇವಿಗೆ ಹೇಳುತ್ತಿದ್ದರು. ಈಗ ನಾವಿಬ್ಬರೇ. ಈಗಲೇ ಹಾಕಬೇಕೇ ಎಂದು ನಾನು ಕೇಳಿಯಾಗಿದೆ. ಮುದುಕನ ಮಾತು ನನಗೆ ಮತ್ತೆ ತಿಳಿಯುತ್ತದೆಯೇ? ಈ ದನಿ ಉಳಿಯುತ್ತದೆಯೇ? ಉಳಿಯದಿದ್ದರೆ ಏಳುವುದು ನಾನೇ ಹೌದೇ? ನಿಜ ಹೇಳುತ್ತೇನೆ, ನನಗೆ ಭಯವಾಗಿದೆ.

ಟೀಚರ್ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಮಾತಾಡಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನನಗೇ ಹೇಳಿದರೆಂದು ತಿಳಿದುಕೊಂಡಿದ್ದೇನೆ.

“ಪಿಯುಸಿ ಓದೂ ಮುಂದ ನನ್ನ ಕಣ್ಣ ಹೋದ್ವು. ದವಾಖಾನ್ಯಾಗ ಎದ್ದರ ಎಲ್ಲಾ ಬ್ಯಾರೆ ಆಗಿತ್ತು. ಆದ್ರ ಎದ್ದಾಕಿ ನಾನಽ ಇದ್ದೆ.”

ಮಹಾದೇವಿಗೆ ಸಂಜೆ ಬರಲು ಹೇಳಿದ್ದಾರೆ. ತೆರೆಯನ್ನು ಗೋಡೆಯಿಂದ ಈಚೆಗೆ ತಿರುಗಿಸಿಟ್ಟಿದ್ದಾರೆ. ಎದ್ದಾಗ ನನಗೆ ಮಾತು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ಈ ಸಲ ಅವರು ಸ್ಪೀಕರ್ ತಟ್ಟುವುದಿಲ್ಲ, ನಾನು ಏನೋ ಹೇಳಲು ನೋಡುತ್ತಿದ್ದೇನೆಂದು ಅವರಿಗೆ ತಿಳಿದಿರುತ್ತದೆ.

ಅವರ ಬೆರಳು ಕೆಳಗಿಳಿಯಿತು.