ಗಂಗಣ್ಣ ಮಾರಬೇಡ ಅಂದಿದ್ದ

ಕೊಬ್ಬರಿಯನ್ನು ಈಗಲೇ ಮಾರಬೇಕೋ, ಇನ್ನಷ್ಟು ದಿನ ಅಟ್ಟದ ಮೇಲೆ ಇಡಬೇಕೋ? ಗುಬ್ಬಿ ಸೀಮೆಯಲ್ಲಿ ಈ ತಲೆಬಿಸಿ ಇಲ್ಲದ ಮನೆ ಯಾವುದಿದೆ ಹೇಳಿ. ಗಂಡ ಮಾರೋಣ ಅಂದರೆ ಹೆಂಡತಿ ಇರಲಿ ಅನ್ನುತ್ತಾಳೆ. ಹೆಂಡತಿ ಮಾರೋಣ ಅಂದ ದಿನ ಗಂಡನಿಗೆ ಅನುಮಾನ. ಕೊನೆಗೆ ಇಬ್ಬರೂ ಚೀಲದಲ್ಲಿ ನಾಲ್ಕು ಕಾಯಿ ಹಾಕಿಕೊಂಡು ಗಂಗಣ್ಣನ ಅಂಗಡಿಗೆ ಬರುತ್ತಾರೆ.

ಗಂಗಣ್ಣ ಗುಬ್ಬಿಯ ಸಣ್ಣ ಕೊಬ್ಬರಿ ವ್ಯಾಪಾರಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಅನ್ನುತ್ತದೆ. "ಆಗೈತೆ. ಆದ್ರೂ ಈಗ್ಲೇ ಮಾರ್ಬೇಡಿ, ಇರ್ಲಿ" ಅನ್ನುತ್ತಾನೆ. ಹಿಂದೊಮ್ಮೆ ರೇಟು ಪಾತಾಳಕ್ಕೆ ಇಳಿದಾಗ ಅವನ ಮಾತು ಕೇಳಿ ಸುಮ್ಮನಿದ್ದವರಿಗೆ ಮುಂದೆ ಕೈತುಂಬಾ ಸಿಕ್ಕಿತು. ಅಂದಿನಿಂದ ಗಂಗಣ್ಣ ಹೇಳಿದ್ದೇ ಮಾತು. ಆ ಹೆಸರೇ ಅವನಿಗೂ ಅವನ ತಂಗಿಗೂ ಮುಳುವಾಯಿತು.

ಮೊಬೈಲ್ ಅಂಗಡಿಯ ಅಂಜನ್‌ಕುಮಾರ್ ಅವನಿಗೆ 'ಗರಿ ಕಾಯಿನ್' ಅನ್ನುವ ಕ್ರಿಪ್ಟೋ ನಾಣ್ಯವನ್ನು ತೋರಿಸಿದ. ಫೋನಿನಲ್ಲೇ ಕೊಳ್ಳುವುದು, ಫೋನಿನಲ್ಲೇ ಮಾರುವುದು. ಆಗ ರೇಟು ದಿನದಿನಕ್ಕೆ ಏರುತ್ತಿತ್ತು. ಗಂಗಣ್ಣ ದುಡ್ಡು ಹಾಕಿದ. ಸುಮ್ಮನಿರಲಾರದೆ ಕುಣಿಗಲ್‌ನಲ್ಲಿರುವ ತಂಗಿ ಸರ್ವಮಂಗಳಳಿಗೂ ಹೇಳಿದ.

ಸರ್ವಮಂಗಳ ಕುಣಿಗಲ್ ಬಸ್ ಸ್ಟ್ಯಾಂಡಿನ ಹಿಂದೆ ಮೆಸ್ ನಡೆಸುತ್ತಿದ್ದಳು. ಆ ಹಳೇ ಕಟ್ಟಡವನ್ನು ಕೆಡವುತ್ತೇವೆಂದು ಮಾಲೀಕರು ಹೇಳಿದ್ದರು. ಬೇರೆ ಜಾಗಕ್ಕೆ ಅಡ್ವಾನ್ಸ್ ಕೊಡಲು ಅವಳು ಕೂಡಿಟ್ಟಿದ್ದ ದುಡ್ಡೆಲ್ಲ ಗರಿಗೆ ಹೋಯಿತು. ಅಣ್ಣ ಹೇಳಿದ ಮೇಲೆ ಇನ್ನೇನು?

ರೇಟು ಬೀಳತೊಡಗಿದಾಗ ಅವಳು ಫೋನು ಮಾಡಿದಳು.

"ಅಣ್ಣಯ್ಯ, ಅರ್ಧಕ್ಕರ್ಧ ಹೋಗ್ಬುಟ್ಟೈತೆ. ಇರೋದನ್ನಾದ್ರೂ ತೆಕ್ಕೊಂಡ್ಬುಡ್ಲಾ?"

"ಬುಡವ್ವ, ಇಳ್ದಾಗ ಯಾರಾದ್ರೂ ಮಾರ್ತಾರಾ? ಅಟ್ಟದ ಮೇಲೆ ಕೊಬ್ಬರಿ ಐತೆ ಅಂತ ತಿಳ್ಕೊ. ಮಾರ್ಬೇಡ."

ಅವಳು ಮಾರಲಿಲ್ಲ.

ಆಮೇಲೆ ಗರಿ ಶುರುಮಾಡಿದ ಕಂಪನಿಯವರ ಫೋನುಗಳು ಬಂದ್ ಆದವು. ಆಫೀಸಿಗೆ ಬೀಗ ಬಿತ್ತು. ಫೋನಿನಲ್ಲಿ ಕೊಳ್ಳುವುದು ಮಾರುವುದು ಮಾತ್ರ ನಡೆದೇ ಇತ್ತು. ದುಡ್ಡು ಕಳೆದುಕೊಂಡವರು ಸೇರಿಕೊಂಡು 'ಗರಿ ಉಳಿಸಿ ಬಳಗ' ಅಂತ ಮಾಡಿಕೊಂಡರು. ತುಮಕೂರಿನ ಒಂದು ಸಮುದಾಯ ಭವನದಲ್ಲಿ ಮೀಟಿಂಗ್ ಇಟ್ಟರು. ಅಂಜನ್‌ಕುಮಾರ್ ಮೈಕ್ ಹಿಡಿದ. ಅವನೂ ಕಳೆದುಕೊಂಡವನೇ, ಅಂಗಡಿಯ ಅರ್ಧ ಮಾಲು ಖಾಲಿಯಾಗಿತ್ತು. ಅವನು ಆಡಿದ್ದು ನಾಟಕವಲ್ಲ.

"ಕಂಪನಿಯೋರು ಓಡೋದ್ರೆ ಏನಂತೆ? ಗರಿ ನಮ್ದು. ನಾವೇ ಎತ್ತಿ ನಿಲ್ಲಿಸ್ತೀವಿ. ಯಾರೂ ಮಾರ್ಬೇಡಿ. ಒಬ್ಬೊಬ್ರೂ ಇಬ್ಬಿಬ್ರು ಹೊಸಬ್ರನ್ನ ಸೇರ್ಸಿ. ಅಂಗಡಿಗಳಲ್ಲಿ ಗರಿ ತಗೊಳ್ಳೋ ಹಂಗೆ ಮಾಡಿ. ಏನಂತೀರಾ ಗಂಗಣ್ಣ?"

ಎಲ್ಲರೂ ಹಿಂತಿರುಗಿ ಗಂಗಣ್ಣನನ್ನು ನೋಡಿದರು. ಅವನು ಎದ್ದು ನಿಂತು, "ಹಿಡ್ಕೊಂಡೋರಿಗೇ ಸಿಗೋದು" ಅಂದ. ಚಪ್ಪಾಳೆ ಬಿತ್ತು. ಅಷ್ಟು ಜನ ಒಟ್ಟಿಗೆ ನಂಬಿದ ಮೇಲೆ ಅದು ಸುಳ್ಳಾಗಲು ಹೇಗೆ ಸಾಧ್ಯ ಅನ್ನಿಸಿತು ಅವನಿಗೆ.

ಬಳಗದವರು ಕೈಲಿದ್ದದ್ದನ್ನೆಲ್ಲ ಬಳಿದು ಮತ್ತೆ ಗರಿ ಕೊಂಡರು. ರೇಟು ಒಂದಿಷ್ಟು ಮೇಲೆದ್ದಿತು. ವಾರ ತುಂಬುವ ಮೊದಲೇ ಮೊದಲಿಗಿಂತ ಕೆಳಗೆ, ಮಾರಿದರೂ ಚಿಲ್ಲರೆ ಕಾಸು ಸಿಗುವಷ್ಟಕ್ಕೆ ಬಿತ್ತು. ಗಂಗಣ್ಣನ ಮಾತಿಗೆ ಕಟ್ಟುಬಿದ್ದು ಟೀ ಅಂಗಡಿ ಕದರಯ್ಯ 'ಇಲ್ಲಿ ಗರಿ ತೆಗೆದುಕೊಳ್ಳಲಾಗುವುದು' ಅಂತ ಚೀಟಿ ಅಂಟಿಸಿದ್ದ. ಒಂದು ದಿನ ಗಂಗಣ್ಣ ಟೀಗೆ ಹೋದಾಗ ಕದರಯ್ಯ ಅದನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದ.

"ಯಾಕ್ಲಾ ಕದರಯ್ಯ?"

"ಹಾಲಿನೋನು ಗರಿ ಬ್ಯಾಡ ಅಂತಾನೆ. ಸಕ್ಕರೆ ಅಂಗ್ಡಿಯೋನು ನಗ್ತಾನೆ. ನಾನೊಬ್ನೇ ತಗೊಂಡು ಏನ್ ಮಾಡ್ಲಿ ಗಂಗಣ್ಣ? ನೀನೇ ಹೇಳು."

ಗಂಗಣ್ಣ ಟೀ ಕುಡಿದು ನೋಟು ಕೊಟ್ಟು ಬಂದ.

ಅವನ ಮನೆಯ ಮಹಡಿಯಲ್ಲಿ ಅನುಪಮಾ ಬಾಡಿಗೆಗಿದ್ದಳು. ಸೊಸೈಟಿಯಲ್ಲಿ ಕೆಲಸ, ಮಹಿಳಾ ಸಂಘಗಳಿಗೆ ಉಳಿತಾಯದ ಬಗ್ಗೆ ತಿಳಿಹೇಳುವುದೂ ಅವಳ ಪಾಲಿಗೆ ಬಂದಿತ್ತು. ಸಂಜೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ ಕೇಳಿದಳು.

"ಗಂಗಣ್ಣೋರೆ, ರೇಟು ಏರ್ಬೇಕು ಅಂದ್ರೆ ಯಾರಾದ್ರೂ ಕೊಳ್ಬೇಕು ಅಲ್ವಾ? ಯಾರು ಕೊಳ್ತಾರೆ?"

"ಹೊಸಬ್ರು ಬತ್ತಾರೆ ಕಣಮ್ಮ."

"ಬರೋರು ಯಾಕೆ ಬರ್ತಾರೆ?"

"ನಾವ್ ಕರೀತೀವಲ್ಲ."

"ಅಂದ್ರೆ ಅವರ ದುಡ್ಡಲ್ಲೇ ನಿಮ್ ದುಡ್ಡು ವಾಪಸ್ ಬರ್ಬೇಕು. ಅವರ ದುಡ್ಡು ಎಲ್ಲಿಂದ ಬರ್ಬೇಕು?"

ಗಂಗಣ್ಣ ಒಂದು ಅವರೆಕಾಯಿ ಎತ್ತಿಕೊಂಡು ಬಿಡಿಸಿದ.

"ಮೊನ್ನೆ ನೀವೆಲ್ಲ ಕೊಂಡ್ರಿ, ರೇಟು ಏರ್ತು. ಆಮೇಲೆ ಯಾಕೆ ಬಿತ್ತು? ಆ ಹೊತ್ತಿಗೆ ಯಾರೋ ರಾಶಿ ರಾಶಿ ಮಾರಿದ್ರು. ಅಷ್ಟೊಂದು ಗರಿ ಇಟ್ಕೊಂಡಿರೋರು ಶುರುಮಾಡ್ದೋರೇ ಇರ್ಬೋದು. ನಂಗೂ ಪೂರ್ತಿ ಗೊತ್ತಿಲ್ಲ. ನಿಮಗಾದ್ರೂ ಗೊತ್ತಾ?"

"ನೀನು ಓದ್ದೋಳು, ನಿಂಗೆಲ್ಲಾ ಅನುಮಾನ" ಅಂತ ಗಂಗಣ್ಣ ರೇಗಿದ. "ಕೊಬ್ಬರಿ ಬಿದ್ದಾಗ್ಲೂ ಜನ ಹಿಂಗೇ ಅಂದಿದ್ರು!"

"ಕೊಬ್ಬರಿಗೆ ರೇಟು ಇಲ್ದಿದ್ರೂ ಮನೆ ಸಾರಿಗೆ ಆಗುತ್ತೆ ಗಂಗಣ್ಣೋರೆ. ಕೊಳ್ಳೋಕೆ ಊರೂರಿನ ವ್ಯಾಪಾರಿಗಳಿದಾರೆ. ಇದನ್ನ ನಿಮ್ ಬಳಗ ಬಿಟ್ಟು ಯಾರು ಕೇಳ್ತಾರೆ?"

ಅವನು ಬಾಗಿಲು ಹಾಕಿಕೊಂಡ. ಕೋಪ ಬಂದಿದ್ದು ಅವಳ ಮೇಲಲ್ಲ. ಅವಳು ಹೇಳಿದ್ದು ನಿಜವಾದರೆ ತಂಗಿಗೆ ಏನು ಹೇಳುವುದು ಅನ್ನುವ ಹೆದರಿಕೆ ಅದು.

ಮರುದಿನ ಬೆಳ್ಳಾವಿಯಿಂದ ಪುಟ್ಟಗಂಗಮ್ಮ ಬಂದಳು. ಪ್ರತಿವರ್ಷ ಅವನಿಗೇ ಕೊಬ್ಬರಿ ಹಾಕುವ ಮುದುಕಿ. ಎಲೆಅಡಿಕೆ ಚೀಲದಲ್ಲಿ ಹಸು ಮಾರಿದ ದುಡ್ಡಿತ್ತು.

"ಅದೇನೋ ಗರಿಯಂತಲ್ಲಪ್ಪ. ಮೊಬೈಲ್ ಅಂಗ್ಡಿ ಹುಡ್ಗ ಹೇಳ್ದ. ನೀನೂ ಹಾಕಿದ್ದೀಯಂತೆ. ಹಾಕ್ಲಾ ಮಗ?"

ಅಷ್ಟರಲ್ಲೇ ಅಂಜನ್‌ಕುಮಾರ್‌ನ ಫೋನು ಬಂತು. "ಅಜ್ಜಿ ಬಂದವ್ರಾ? ಕರ್ಕೊಂಡ್ ಬನ್ನಿ ಗಂಗಣ್ಣ. ನೀವ್ ಹೂಂ ಅಂದ್ರೆ ಬೆಳ್ಳಾವಿಯೋರೆಲ್ಲ ಬತ್ತಾರೆ. ನಿಮ್ ತಂಗಿ ದುಡ್ಡೂ ಮೇಲೇಳುತ್ತೆ."

ಸುಳ್ಳು ಯಾಕೆ ಹೇಳಲಿ, ಗಂಗಣ್ಣ ಹೂಂ ಅನ್ನಲು ಬಾಯಿ ತೆರೆದಿದ್ದ. ಮೆಸ್ಸಿನ ಜಾಗಕ್ಕೆ ಅಡ್ವಾನ್ಸ್ ಕೊಡುವ ಗಡುವು ಹತ್ತಿರ ಬಂದಿತ್ತು.

ಪುಟ್ಟಗಂಗಮ್ಮ ಚೀಲದ ದಾರ ಬಿಚ್ಚುತ್ತಾ ಸುಮ್ಮನೆ ಕೇಳಿದಳು: "ಕಾಯಿ ಆದ್ರೆ ಅಲ್ಲಾಡ್ಸಿ ನೋಡಿ ಹೇಳ್ತೀಯ. ಇದನ್ನ ಹೆಂಗ್ ನೋಡ್ದೆ ಮಗ?"

ಅವಳು ಚುಚ್ಚಲು ಕೇಳಿದ್ದಲ್ಲ. ಅವನಿಗೆ ಒಂದು ವಿದ್ಯೆ ಗೊತ್ತು, ಅದನ್ನು ತಿಳಿದುಕೊಳ್ಳೋಣ ಅಂತ ಕೇಳಿದ್ದು. ಗಂಗಣ್ಣ ಫೋನು ಕಟ್ ಮಾಡಿದ. ಗೋಣಿಚೀಲದ ಮೇಲೆ ಕೂತುಬಿಟ್ಟ.

"ನೋಡಿಲ್ಲ ಕಣವ್ವ. ನಾನು ಏನೂ ನೋಡಿಲ್ಲ. ಬ್ಯಾಡ, ದುಡ್ಡು ಒಳಗಿಕ್ಕು. ಮನೆಗೋಗು."

ಮಧ್ಯಾಹ್ನದ ಬಸ್ಸಿಗೆ ಕುಣಿಗಲ್‌ಗೆ ಹೋದ. ಮೆಸ್ಸಿನಲ್ಲಿ ಊಟದ ಹೊತ್ತು ಮುಗಿದಿತ್ತು. ಸರ್ವಮಂಗಳ ಮುದ್ದೆ ಕೋಲು ತೊಳೆಯುತ್ತಿದ್ದಳು. ಅಣ್ಣನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ಬರಲ್ವಾ?"

"ಬರಲ್ಲ ಕಣವ್ವ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತು. ತಟ್ಟೆ ಹಾಕಿ ಉಳಿದ ಮುದ್ದೆ, ಸಾರು ಬಡಿಸಿದಳು.

"ಅವತ್ತು ಅರ್ಧ ಇತ್ತಲ್ಲಣ್ಣಯ್ಯ" ಅಂದಳು. "ಕೇಳಿದ್ನಲ್ಲ ನಾನು."



ಗಂಗಣ್ಣ ಗುಬ್ಬಿಗೆ ವಾಪಸ್ ಬಂದ ಮೇಲೆ ಅನುಪಮಾ ಅವನ ಜೊತೆಯಲ್ಲಿ ಕೂತು, ಆನ್‌ಲೈನ್ ಮೋಸದ ದೂರು ಕೊಡುವ 1930 ನಂಬರಿಗೆ ಫೋನು ಮಾಡಿಸಿದಳು, ದೂರು ಬರೆಸಿದಳು. ಇಷ್ಟು ತಡವಾಗಿದೆ, ದುಡ್ಡು ಸಿಗುತ್ತದೆ ಅಂತ ನಂಬಿಕೆ ಇಟ್ಟುಕೊಳ್ಳಬೇಡಿ ಅಂತಲೂ ಹೇಳಿದಳು. ಸಿಗಲಿಲ್ಲ. ಮೆಸ್ಸಿದ್ದ ಕಟ್ಟಡ ನೆಲಸಮವಾಯಿತು. ಸರ್ವಮಂಗಳ ಈಗ ಯಡಿಯೂರಿನ ಹೋಟೆಲೊಂದರಲ್ಲಿ ಬೇರೆಯವರ ಪಾತ್ರೆ ತೊಳೆಯುತ್ತಾಳೆ. ಗರಿ ಬಳಗದವರು ಗಂಗಣ್ಣನನ್ನು ದ್ರೋಹಿ ಅಂತ ಗ್ರೂಪಿನಿಂದ ತೆಗೆದುಹಾಕಿದರು. ಅವರ ಮೀಟಿಂಗ್ ಇನ್ನೂ ನಡೆಯುತ್ತಿದೆ. ಮೋಸ ಮಾಡಿದವರು ಎಂದೋ ಹೋದರು. ಈಗ ಮೋಸ ಹೋದವರೇ, ಒಳ್ಳೆಯ ಜನವೇ, ತಮ್ಮ ನೆಂಟರ ಬಾಗಿಲು ತಟ್ಟುತ್ತಿದ್ದಾರೆ.

ರೈತರು ಈಗಲೂ ಕೊಬ್ಬರಿ ಕೇಳಲು ಬರುತ್ತಾರೆ. ಗಂಗಣ್ಣ ಕಾಯಿ ಅಲ್ಲಾಡಿಸಿ, "ಆಗೈತೆ" ಅಂತಷ್ಟೇ ಹೇಳುತ್ತಾನೆ. ಮಾರಲಾ ಅಂದರೆ, "ಅದು ನಂಗೊತ್ತಿಲ್ಲ" ಅನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಈ ಬಾಗಿಲು ತಟ್ಟುವ ಸದ್ದು ನಾಳೆ ನಿಮ್ಮ ಮನೆಗೂ ಬಂದೀತು. ಬಂದವರು ನಿಮ್ಮ ಭಾವನೋ, ಸಂಘದ ಗೆಳತಿಯೋ ಆಗಿರುತ್ತಾರೆ. ಕೂರಿಸಿ, ನೀರು ಕೊಡಿ, ಅವರ ದುಃಖ ಕೇಳಿ. ದುಡ್ಡು ಮಾತ್ರ ಕೊಡಬೇಡಿ. ಮುಳುಗಿದ ಕಾಯಿನ್ ಎತ್ತಲು ಹೊಸಬರನ್ನು ಕರೆತನ್ನಿ ಅಂದರೆ, ಆ ಹೊಸಬರ ದುಡ್ಡು ಎಲ್ಲಿಂದ ವಾಪಸ್ ಬರುತ್ತದೆ ಅಂತ ಕೇಳಿ. ಆಗಲೇ ಮೋಸ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಇನ್ನು ನಿಮ್ಮ ತಂಗಿ ನಿಮ್ಮನ್ನೇ ನಂಬಿ, ಏನು ಮಾಡಲಿ ಅಂತ ಫೋನು ಮಾಡಿದರೆ, ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳಿ. ಅವತ್ತು ಗಂಗಣ್ಣ ಅಷ್ಟು ಹೇಳಿದ್ದರೆ ಸರ್ವಮಂಗಳಳ ಒಲೆ ಇವತ್ತೂ ಉರಿಯುತ್ತಿತ್ತು.