ಇಪ್ಪತ್ತೆರಡು ತೋರಿಸುವ ಡಬ್ಬಿ

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಕಿರಿಸೊಸೆಯ ಮನೆಯ ಕತೆಯೂ ಅದೇ. ಬೆಳಗಾದರೆ ಸ್ಪ್ಯಾನರಿನ ಚೀಲ ಹೆಗಲಿಗೇರಿಸಿ ಹೊರಡುವಳು, ಊರವರ ಬಾಯ್ಲರ್ ರಿಪೇರಿ ಮಾಡಿ ಊರವರ ಕೋಣೆಗಳನ್ನೆಲ್ಲ ಬೆಚ್ಚಗೆ ಮಾಡುವಳು, ಸಂಜೆ ತನ್ನ ಮನೆಗೆ ಬಂದು ಗಡಗಡ ನಡುಗುತ್ತ ಕೂರುವಳು. ಯಾಕೆಂದರೆ ಆ ಮನೆಯ ಬಾಯ್ಲರನ್ನು ಮುಟ್ಟುವ ಅಧಿಕಾರ ಅವಳಿಗಿರಲಿಲ್ಲ. ಅದು ಇದ್ದದ್ದು ಓರಗಿತ್ತಿಗೆ, ಗಂಡನ ಅಣ್ಣನ ಹೆಂಡತಿಗೆ.

ಎರಡು ಅಂತಸ್ತಿನ ಮನೆ. ಕೆಳಗೆ ಹಿರಿಯರ ಸಂಸಾರ, ಮೇಲೆ ಕಿರಿಯರದು. ಇಡೀ ಮನೆಗೆ ಒಂದೇ ಬಾಯ್ಲರ್; ಅದು ಕಾಯಿಸಿದ ನೀರು ಪೈಪಿನಲ್ಲಿ ಹರಿದು ಪ್ರತಿ ಕಿಟಕಿಯ ಕೆಳಗಿನ ಕಬ್ಬಿಣದ ರೇಡಿಯೇಟರಿಗೆ ಹೋಗಬೇಕು. ಬಾಯ್ಲರ್ ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂದು ಹೇಳುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್. ಮನೆಯವರ ಬಾಯಲ್ಲಿ ಅದು ಬರೀ ‘ಡಬ್ಬಿ’. ಯಾವ ಪುಣ್ಯಾತ್ಮ ಕೂರಿಸಿದ್ದನೋ, ಅದು ಕೆಳಗಿನ ನಡುಮನೆಯಲ್ಲಿ, ಅಡುಗೆಮನೆಗೆ ಅಂಟಿದ ಗೋಡೆಯ ಮೇಲಿತ್ತು. ಗೋಡೆಯ ಆಚೆಗೆ ಒಲೆ. ಒಲೆ ಹಚ್ಚಿದರೆ ಗೋಡೆ ಕಾಯುತ್ತದೆ. ಡಬ್ಬಿ ಇಪ್ಪತ್ತೆರಡು ಡಿಗ್ರಿ ತೋರಿಸಿ, ಮನೆಯೆಲ್ಲ ಬೆಚ್ಚಗಾಯಿತೆಂದು ತಿಳಿದು ಬಾಯ್ಲರನ್ನು ಆರಿಸುತ್ತದೆ. ಮೇಲಿನವರು ನಡುಗುತ್ತಾರೆ. ಇದನ್ನು ಬೇರೆ ಕಡೆ ಹಾಕೋಣ ಅಂದಿದ್ದೇ ತಪ್ಪಾಯಿತು. ಓರಗಿತ್ತಿ ಡಬ್ಬಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿಸಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಊರವರ ಮನೇಲಿ ಎಷ್ಟು ಬೇಕಾದ್ರೂ ಕೈಯಾಡಿಸು. ಈ ಮನೇದು ನಾನು ನೋಡ್ಕೋತೀನಿ."

ಗಂಡನಾದರೂ ಏನಾದರೂ ಹೇಳಿದನೇ? ಅತ್ತಿಗೆಯ ಎದುರು ಅವನ ಬಾಯಿಗೂ ಅಂಥದ್ದೇ ಒಂದು ಬೀಗ ಬಿದ್ದಿತ್ತು.

ಇದನ್ನೆಲ್ಲ ಅವಳು ಹಲ್ಲು ಕಚ್ಚಿ ಸಹಿಸಿದ್ದಳು. ಸಹಿಸಲಾಗದೆ ಹೋದದ್ದು ಕಳೆದ ಚಳಿಗಾಲದ ಸಂಗತಿ. ಮಂಡಿ ಆಪರೇಷನ್ ಆದ ಅವಳ ಅಮ್ಮ ಸುಧಾರಿಸಿಕೊಳ್ಳಲು ಬಂದಿದ್ದಳು. ಮೇಲಿನ ಕೋಣೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಎರಡೂ ಅಂಗೈಯನ್ನು ತಣ್ಣಗಿನ ರೇಡಿಯೇಟರಿನ ಮೇಲಿಟ್ಟು ಕೂರುತ್ತಿದ್ದಳು, ಇನ್ನೇನು ಬಿಸಿ ಬಂದೀತು ಎಂದು. ಒಂದು ದಿನ, ಪಾಪ, ಊರುಗೋಲು ಹಿಡಿದು ತಾನೇ ಮೆಟ್ಟಿಲಿಳಿದು ಹೋಗಿ ಕೇಳಿದಳು.

"ಸ್ವಲ್ಪ ಜಾಸ್ತಿ ಮಾಡ್ತೀಯೇನಮ್ಮ? ಮೇಲೆ ತುಂಬ ಚಳಿ."

ಕೆಳಗೆ ನೆಂಟರು ಬಂದಿದ್ದರು. ಓರಗಿತ್ತಿ ಅವರತ್ತ ತಿರುಗಿ ನಕ್ಕಳು. "ಇಪ್ಪತ್ತೆರಡು ತೋರಿಸ್ತಾ ಇದೆ, ನೀವೇ ನೋಡಿ. ಚಳಿ ಅನ್ನೋದೆಲ್ಲ ಮನಸ್ಸಿಂದು. ನನಗಂತೂ ಚಳಿ ಅಂದ್ರೇನು ಅಂತಾನೇ ಗೊತ್ತಿಲ್ಲ. ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ."

ನೆಂಟರೂ ಹಲ್ಲು ಕಿಸಿದರು. ಮಾರನೆಯ ದಿನವೇ ಅಮ್ಮ ಮಗನ ಮನೆಗೆ ಹೊರಟುಬಿಟ್ಟಳು. "ಅವಳಾಗಿ ಕರೆಯೋ ತನಕ ಈ ಹೊಸ್ತಿಲು ತುಳಿಯಲ್ಲ" ಅಂದಳು. ಅಷ್ಟೇ. ಅಳಲಿಲ್ಲ, ಶಾಪ ಹಾಕಲಿಲ್ಲ. ಶಾಪವನ್ನೆಲ್ಲ ಮಗಳೇ ಹಾಕಿದಳು, ಮನಸ್ಸಿನಲ್ಲೇ, ತಿಂಗಳುಗಟ್ಟಲೆ. ಆ ಹೆಂಗಸಿನ ಬಾಯಿಂದಲೇ ‘ಚಳಿ’ ಅನ್ನಿಸಬೇಕು, ಅದನ್ನು ಅಮ್ಮನ ಕಿವಿಗೆ ಕೇಳಿಸಬೇಕು. ಅಲ್ಲಿಯವರೆಗೆ ಅವಳಿಗೆ ಬೇರೇನೂ ಬೇಡವಾಗಿತ್ತು.

ಇನ್ನು ಓರಗಿತ್ತಿಗೆ ಚಳಿ ಯಾಕಾಗುತ್ತಿರಲಿಲ್ಲ? ಮೈ ಗಟ್ಟಿ ಅಂತಲ್ಲ. ಆ ಹಳೇ ಬಾಯ್ಲರ್ ಇದ್ದದ್ದು ಅವಳ ಮಲಗುವ ಕೋಣೆಯ ಗೋಡೆಯಾಚೆ. ಮುದಿ ಯಂತ್ರ, ಅರ್ಧ ಬಿಸಿಯನ್ನು ನೀರಿಗೆ ಕೊಟ್ಟರೆ ಇನ್ನರ್ಧವನ್ನು ಆ ಗೋಡೆಗೆ ಸೋರಿಸುತ್ತಿತ್ತು; ಬಾಯ್ಲರ್ ಆರಿದ ಮೇಲೂ ಗೋಡೆ ಗಂಟೆಗಟ್ಟಲೆ ಬಿಸಿ. ಬಾಯ್ಲರಿನ ರೋಗವನ್ನು ಈ ಮಹಾತಾಯಿ ತನ್ನ ಪೌರುಷ ಅಂದುಕೊಂಡಿದ್ದಳು. ಗುಟ್ಟು ಗೊತ್ತಿದ್ದ ಕಿರಿಯಳು ತುಟಿಪಿಟಕ್ಕೆನ್ನಲಿಲ್ಲ.

ಈ ಸಲ ಚಳಿ ಶುರುವಾಗುವ ಮೊದಲೇ ಬಾಯ್ಲರ್ ಒಡೆದು ನೀರು ಕಾರಿತು. ಹೊಸದೇ ಹಾಕಬೇಕು. ಭಾವ ಎಲ್ಲೆಲ್ಲೋ ಫೋನ್ ಮಾಡಿದ. ಆ ಸಮಯದಲ್ಲಿ ಮೆಕ್ಯಾನಿಕ್ ಸಿಗುವುದುಂಟೇ? ಕೊನೆಗೆ ಓರಗಿತ್ತಿ ಕಿರಿಯಳನ್ನೇ ಕೆಳಕ್ಕೆ ಕರೆಸಿದಳು.

"ಹೇಗೂ ಮನೇಲೇ ಇದ್ದೀಯಲ್ಲ, ನೀನೇ ಹಾಕಿಬಿಡು. ನನ್ನ ಡಬ್ಬಿ ಮಾತ್ರ ಮುಟ್ಟಬೇಡ."

"ಅಕ್ಕಾ, ಅದು ಅಲ್ಲಿರಬಾರದು. ಒಲೆ ಬಿಸಿಗೆ ಸುಳ್ಳು ಹೇಳುತ್ತೆ."

"ನನಗೇ ಪಾಠ ಹೇಳ್ತೀಯಾ? ಅಲ್ಲೇ ಇರಲಿ ಅಂದ್ರೆ ಅಲ್ಲೇ ಇರಲಿ."

ಭಾವ ಕೇಳಿಸಿಕೊಂಡ, ಗಂಡ ಕೇಳಿಸಿಕೊಂಡ. ಅವರಿಬ್ಬರೂ ಕೇಳಿಸಿಕೊಂಡದ್ದನ್ನು ನೋಡಿಕೊಂಡೇ ಕಿರಿಯಳು ಜೇನಿನಂಥ ದನಿಯಲ್ಲಿ "ನೀವು ಹೇಳಿದ ಹಾಗೇ ಅಕ್ಕಾ" ಅಂದಳು.

ಮತ್ತು ಹೇಳಿದ ಹಾಗೇ ಮಾಡಿದಳು. ಅವಳ ಕೆಲಸದಲ್ಲಿ ಒಂದು ಕೊಂಕು ಹುಡುಕಲಿ ನೋಡೋಣ! ಹಳೇ ಜಾಗದಲ್ಲೇ ಹೊಸ ಬಾಯ್ಲರ್ ಕೂತಿತು. ಉರಿಯುವಾಗ ಮೈ ಮುಟ್ಟಿದರೂ ಬಿಸಿ ತಾಗದಷ್ಟು ಅಚ್ಚುಕಟ್ಟು. ರೇಡಿಯೇಟರುಗಳೊಳಗಿನ ಕಪ್ಪು ರಾಡಿಯನ್ನೆಲ್ಲ ತೊಳೆದು ತೆಗೆದಳು. ಕೆಳಗಿನ ಡಬ್ಬಿ ಏನೇ ಹೇಳಲಿ, ಮೇಲೆ ಬಿಸಿನೀರು ಹರಿಯುವಂತೆ ಮೇಲಿನ ಮನೆಗೆ ಬೇರೆ ವಾಲ್ವ್, ಬೇರೆ ಡಬ್ಬಿ, ಅದೂ ಒಲೆ, ಬಿಸಿಲು ಏನೂ ತಾಗದ ಒಳಗೋಡೆಗೆ. ಆಮೇಲೆ ಓರಗಿತ್ತಿಯ ಕೋಣೆಯನ್ನು ಹಾದುಹೋಗುವ ಪೈಪುಗಳಿಗೆ ಬಿಸಿ ಒಂದಿಷ್ಟೂ ಸೋರದಂತೆ ಫೋಮಿನ ತೋಳು ತೊಡಿಸಿದಳು. ಒಂದೊಂದು ತೋಳು ಬಿಗಿಯುವಾಗಲೂ "ಇದು ನಮ್ಮಮ್ಮನ ಎಡಗೈಗೆ, ಇದು ಬಲಗೈಗೆ" ಅಂದುಕೊಂಡಳು. ಯಾವ ಸಂಕಟವೂ ಆಗಲಿಲ್ಲ ಅವಳಿಗೆ. ಹಾಡು ಗುನುಗುತ್ತಿದ್ದಳು.

ಚಳಿ ಬಂತು. ಒಲೆ ಉರಿಯಿತು, ಡಬ್ಬಿ ಇಪ್ಪತ್ತೆರಡು ತೋರಿಸಿತು, ಕೆಳಗಿನ ರೇಡಿಯೇಟರುಗಳು ತಣ್ಣಗಾದವು. ಸೋರುವ ಬಾಯ್ಲರ್ ಇಲ್ಲದ ಕೋಣೆಯಲ್ಲಿ ಓರಗಿತ್ತಿ ಮೊದಲು ಕಾಲುಚೀಲ ಹಾಕಿಕೊಂಡಳು, ಆಮೇಲೆ ಶಾಲು, ಆಮೇಲೆ ಗಂಡನ ಕೋಟು. ಭಾವನಿಗೇನು, ಕಂಬಳಿ ಎಳೆದುಕೊಂಡರೆ ಕುಂಭಕರ್ಣ.

"ಏನಕ್ಕಾ, ಕೋಟು ಹಾಕ್ಕೊಂಡಿದ್ದೀರಿ?"

"ಚೆನ್ನಾಗಿ ಕಾಣುತ್ತೆ ಅಂತ."

ಆಡಿದ ಮಾತು ಅವಳಿಗೀಗ ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಅವಳ ಮೂಗು ಕೆಂಪಾದದ್ದು ಕಂಡ ದಿನ ಕಿರಿಯಳು ಎರಡು ತುತ್ತು ಜಾಸ್ತಿ ಉಂಡಳು.

ಒಂದು ರಜಾದಿನ ಮಧ್ಯಾಹ್ನ ಓರಗಿತ್ತಿ ಮೆಟ್ಟಿಲು ಹತ್ತಿ ಮೇಲೆ ಬಂದಳು. ಯಾರೂ ಕೂರು ಅನ್ನುವ ಮೊದಲೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಎರಡೂ ಅಂಗೈಯನ್ನು ಬಿಸಿ ರೇಡಿಯೇಟರಿನ ಮೇಲಿಟ್ಟಳು. ಅಮ್ಮ ಕೂರುತ್ತಿದ್ದದ್ದೂ ಹೀಗೆಯೇ. ಕಿರಿಯಳಿಗೆ ಒಂದು ಸಲ ಪಾಪ ಅನ್ನಿಸಿತು, ನಿಜ. ಆದರೆ ಬಂದ ಬೇಟೆಯನ್ನು ಬಿಡುವ ಜಾತಿಯಲ್ಲ ಅವಳು.

"ಏನಕ್ಕಾ ಸಮಾಚಾರ?"

"ಏನಿಲ್ಲ. ಡಬ್ಬಿ ಇಪ್ಪತ್ತೆರಡೇ ತೋರಿಸುತ್ತೆ ಕಣೇ. ಆದ್ರೂ..."

"ಆದ್ರೂ?"

"ಚಳಿ."

ಕಿರಿಯಳು ಆಗಲೇ ಫೋನಿನಲ್ಲಿ ಅಮ್ಮನ ನಂಬರ್ ಒತ್ತಿ, ಸ್ಪೀಕರ್ ಹಾಕಿ ಮುಂದೆ ಹಿಡಿದಿದ್ದಳು. "ನನಗಲ್ಲ. ಅಮ್ಮನಿಗೆ ಹೇಳಿ."

ಓರಗಿತ್ತಿ ನುಂಗುವ ಹಾಗೆ ನೋಡಿದಳು. ಎದ್ದು ಹೋಗಬಹುದಿತ್ತು, ಆದರೆ ಅಂಗೈಗಳು ರೇಡಿಯೇಟರನ್ನು ಬಿಡಲೊಲ್ಲವು.

"ನಾನಮ್ಮ," ಅಂದಳು ಕೊನೆಗೆ. "ಇಲ್ಲಿ... ತುಂಬ ಚಳಿ. ಅವತ್ತು ನೀವು ಹೇಳಿದ್ದು ಸರಿ. ನಾನು ಹಾಗೆ ನಗಬಾರದಿತ್ತು. ಮನೆಗೆ ಬನ್ನಿ."

ಅಮ್ಮ ಈಗ ‘ಹೋಗಲಿ ಬಿಡಮ್ಮ’ ಅನ್ನುತ್ತಾಳೆ, ಹಸುವಿನಂಥ ಜೀವ, ಎಂದು ಮಗಳಿಗೆ ಸ್ವಲ್ಪ ಸಿಟ್ಟೇ ಬಂತು.

"ಡಬ್ಬಿ ಎಷ್ಟು ತೋರಿಸ್ತಾ ಇದೆಯಮ್ಮ?" ಕೇಳಿದಳು ಅಮ್ಮ.

"ಇಪ್ಪತ್ತೆರಡು."

"ಹಾಗಾದ್ರೆ ಮನಸ್ಸಿಂದೇ ಇರಬೇಕು. ಇನ್ನೊಂದು ಸ್ವೆಟರ್ ಹಾಕ್ಕೋ."

ಫೋನ್ ಕಟ್ಟಾಯಿತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನುವುದನ್ನು ಕಿರಿಯಳು ಅಲ್ಲಿಯವರೆಗೆ ಬರೀ ಗಾದೆ ಅಂದುಕೊಂಡಿದ್ದಳು. ನಗು ತಡೆಯಲು ಕೆನ್ನೆಯ ಒಳಗನ್ನು ಕಚ್ಚಿ ಹಿಡಿಯಬೇಕಾಯಿತು. ಓರಗಿತ್ತಿ ಒಂದು ಕೈಯನ್ನು ಮಾತ್ರ ರೇಡಿಯೇಟರಿನಿಂದ ತೆಗೆದು, ಸೊಂಟದ ಕೀಲಿ ಬಿಡಿಸಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಕಿರಿಯಳು ಸ್ಪ್ಯಾನರಿನ ಚೀಲ ತೆಗೆದುಕೊಂಡು ಕೆಳಗಿಳಿದಳು. ಬೀಗ ತೆಗೆದು, ಡಬ್ಬಿಯನ್ನು ಗೋಡೆಯಿಂದ ಬಿಚ್ಚುತ್ತಿರುವಾಗ ಮತ್ತೆ ಫೋನ್ ಬಡಿದುಕೊಂಡಿತು. ಅಮ್ಮ.

"ನಾಳೆ ಬರ್ತೀನಿ. ಅವಳಿಗೆ ಬೆಚ್ಚಗೆ ಮಾಡಿಕೊಡು, ಪಾಪ. ಕೀಲಿ ಮಾತ್ರ ವಾಪಸ್ ಕೊಟ್ಟೀಯ!"

ಕಿರಿಯಳು ಕೊಡಲಿಲ್ಲ.